ಒಬ್ಬನನ್ನು ಕಾಯಲು ಊರನ್ನೇ ಕಳೆದುಕೊಂಡ ಕಂಪಿಲರಾಯ ಮಾಡಿದ್ದು ಸರಿಯಾ?

ಗಂಗಾವತಿ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಗಂಗಾವತಿ ಹತ್ತಿರದ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಮೊನ್ನೆ ಎಂಟನೇ ಕ್ಲಾಸಿಗೆ ಕಂಪಿಲಿ ರಾಜ್ಯದ ಕೋಟೆ ಕುಮ್ಮಟದುರ್ಗದ ಕತೆ ಹೇಳುತ್ತಿದ್ದೆ. ಕುಮಾರರಾಮನ ಹೆಸರು ನಮ್ಮ ಕಡೆ ಮಕ್ಕಳಿಗೆ ಹೊಸದಲ್ಲ. ಈ ಸಲ ಅವನ ಅಪ್ಪ ಕಂಪಿಲರಾಯನ ಕಡೆಯಿಂದ ಶುರು ಮಾಡಿದೆ.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ದಿಲ್ಲಿಯಲ್ಲಿ ಮಹಮ್ಮದ್ ಬಿನ್ ತುಘಲಕ್ ಸುಲ್ತಾನ. ಅವನ ಹತ್ತಿರದ ಸಂಬಂಧಿ ಬಹಾವುದ್ದೀನ್ ಗುರ್ಷಾಸ್ಪ್ ಯಾದಗಿರಿ ಕಡೆಯ ಸಗರದಲ್ಲಿ ದಂಗೆ ಎದ್ದ, ಸೋತ, ಓಡಿ ಬಂದು ಕಂಪಿಲರಾಯನ ಮರೆಹೊಕ್ಕ. ಅವನನ್ನು ಒಪ್ಪಿಸು ಎಂದು ಸುಲ್ತಾನ ಕೇಳಿದ. ರಾಯ ಒಪ್ಪಿಸಲಿಲ್ಲ. ದಂಡು ಬಂತು, ಕೋಟೆಗೆ ಮುತ್ತಿಗೆ ಬಿತ್ತು, ಒಳಗಿನ ದವಸ ಮುಗಿಯಿತು. ಹೆಂಗಸರು ಕಿಚ್ಚಿಗೆ ಬಿದ್ದರು, ಗಂಡಸರು ಬಾಗಿಲು ತೆಗೆದು ಹೊರಗೆ ಹೋಗಿ ಸತ್ತರು. 1327ರ ಹೊತ್ತಿಗೆ ಕಂಪಿಲಿ ರಾಜ್ಯವೇ ಇರಲಿಲ್ಲ.

ಕತೆ ಮುಗಿಸಿದೆ. ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತಳು. "ಸರ್, ಒಬ್ಬನ್ನ ಉಳಿಸಾಕ ಹೋಗಿ ಊರೇ ಸುಟ್ಟುಹೋತಲ್ಲ. ಆ ಊರಿನವರನ್ನ ಯಾರರ ಕೇಳಿದ್ರಾ?" ಅಂದಳು.

ಗಂಟೆ ಹೊಡೆಯಿತು, ನಾನು ಉತ್ತರ ಕೊಡಲಿಲ್ಲ. ಗಂಟೆ ಹೊಡೆಯದಿದ್ದರೂ ಕೊಡಲು ಆಗುತ್ತಿರಲಿಲ್ಲ. ರಾಯ ಮಾಡಿದ್ದು ಸರಿಯಾ ತಪ್ಪಾ? ನಿಮ್ಮ ಅಭಿಪ್ರಾಯ ಬರೆಯಿರಿ. ಸೋಮವಾರ ಅವಳಿಗೆ ಏನಾದರೂ ಹೇಳಬೇಕು.

ಕಂಪ್ಲಿ ಹೊಳೆದಂಡೆ

ನೂರಕ್ಕೆ ನೂರು ಸರಿ ಸರ್. ಆ ರಾಜ್ಯದ ಹೆಸರು ಹೊತ್ತ ಊರು ನಮ್ಮದು, ಅದಕ್ಕೇ ಹೇಳುತ್ತೇನೆ. ಬಂದವನ ಜಾತಿ ಧರ್ಮ ಕೇಳಲಿಲ್ಲ ನೋಡಿ. ದಿಲ್ಲಿ ಸುಲ್ತಾನನ ಮನೆಯವನನ್ನೇ ಒಳಗೆ ಕರೆದು ಕಾಯ್ದ. ಕೈ ಮುಗಿದು ಬಂದವನನ್ನು ಕಟ್ಟಿ ಕೊಡುವ ರಾಜ ನಾಳೆ ನನ್ನನ್ನೂ ಕಟ್ಟಿ ಕೊಡುತ್ತಾನೆ. ಅಂಥವನನ್ನು ನಂಬಿ ಯಾರು ಬದುಕುತ್ತಾರೆ?

ಸಿರುಗುಪ್ಪ ಭತ್ತ

ಹೊಳೆದಂಡೆ ಅಣ್ಣಾ, ನಾನು ಒಪ್ಪಲ್ಲ. ನನ್ನ ಮನೆಗೆ ಯಾರಾದರೂ ಜೀವ ಕೈಯಲ್ಲಿ ಹಿಡಿದು ಓಡಿ ಬಂದರೆ ನಾನು ಬಾಗಿಲು ಹಾಕಿ ಕಾಯುತ್ತೇನೆ. ಅದು ನನ್ನ ಮನೆ, ನನ್ನ ತಲೆ. ಆದರೆ ರಾಯ ಪಣಕ್ಕೆ ಇಟ್ಟದ್ದು ಅವನ ತಲೆ ಒಂದನ್ನೇ ಅಲ್ಲ. ಹೊಲ ಊಳುವವನ ತಲೆ, ಕುಂಬಾರನ ತಲೆ, ಹಾಲು ಕುಡಿಯುವ ಕೂಸಿನ ತಲೆ ಎಲ್ಲಾ ಇಟ್ಟ. ಇನ್ನೊಬ್ಬರ ಗಂಟಿನಲ್ಲಿ ದಾನ ಮಾಡಿದ ಹಾಗಾಯಿತು ಅಲ್ವಾ?

ಆ ಹುಡುಗಿ ಕೇಳಿದ್ದು ಸರಿಯಾಗಿಯೇ ಇದೆ.

ಕಂಪ್ಲಿ ಹೊಳೆದಂಡೆ

ಆ ಕಾಲದಲ್ಲಿ ಓಟು ಹಾಕಿಸಿ ಯುದ್ಧ ಮಾಡುತ್ತಿದ್ದರಾ?

ಸಿರುಗುಪ್ಪ ಭತ್ತ

ಈ ಕಾಲದಲ್ಲಿ ಹಾಕಿಸುತ್ತಾರಾ?

ರಾಯಚೂರು ವಕೀಲ

ಇಬ್ಬರೂ ಸ್ವಲ್ಪ ನಿಧಾನ. ಕತೆಯ ಉಳಿದರ್ಧ ಹೇಳದೆ ತೀರ್ಪು ಕೊಡಬಾರದು.

ಇದನ್ನೆಲ್ಲ ಬರೆದಿಟ್ಟವನು ಇಬ್ನ್ ಬತೂತ. ಮೊರಾಕೊದಿಂದ ಬಂದು ತುಘಲಕನ ಕೈಕೆಳಗೆ ಕಾಜಿಯಾಗಿದ್ದ. ಅವನು ಹೇಳುವ ಪ್ರಕಾರ ಕೊನೆ ಹೊತ್ತಿನಲ್ಲಿ ರಾಯ ಬಹಾವುದ್ದೀನನನ್ನು ಕರೆದು, ನಾನು ನನ್ನವರ ಜೊತೆ ಸಾಯಲು ನಿಶ್ಚಯ ಮಾಡಿದ್ದೇನೆ, ನೀನು ಇನ್ನೊಬ್ಬ ರಾಜನ ಹತ್ತಿರ ಹೋಗು ಎಂದು ಕಳಿಸಿಕೊಟ್ಟ. ಆ ಇನ್ನೊಬ್ಬ ರಾಜ ಹೊಯ್ಸಳರ ಮೂರನೇ ಬಲ್ಲಾಳ. ಬಲ್ಲಾಳ ಲೆಕ್ಕ ಹಾಕಿದ. ಕಂಪಿಲಿಗೆ ಆದ ಗತಿ ಕಣ್ಣ ಮುಂದೆ ಇತ್ತು. ಬಹಾವುದ್ದೀನನನ್ನು ಕಟ್ಟಿ ಸುಲ್ತಾನನಿಗೆ ಒಪ್ಪಿಸಿದ. ಸುಲ್ತಾನ ಅವನ ಚರ್ಮ ಸುಲಿಸಿದ.

ಅಂದರೆ ಕಂಪಿಲರಾಯ ಯಾರಿಗಾಗಿ ಇಷ್ಟೆಲ್ಲಾ ಕಳೆದುಕೊಂಡನೋ ಅವನು ಉಳಿಯಲಿಲ್ಲ. ರಾಯನ ಮಕ್ಕಳು ಹನ್ನೊಂದು ಜನ ಸೆರೆಯಾಗಿ ದಿಲ್ಲಿಗೆ ಹೋದರು. ಧರ್ಮ ಬದಲಾಯಿತು, ಸುಲ್ತಾನನ ಆಸ್ಥಾನದಲ್ಲೇ ದೊಡ್ಡ ಹುದ್ದೆ ಸಿಕ್ಕಿತು. ಅವರಲ್ಲಿ ಕೆಲವರನ್ನು ಇಬ್ನ್ ಬತೂತ ತಾನೇ ಭೇಟಿ ಮಾಡಿದ್ದಾನೆ.

ಇನ್ನು ಬಲ್ಲಾಳ. ಸುಮಾರು 15 ವರ್ಷ ಆದಮೇಲೆ ಮದುರೈ ಸುಲ್ತಾನನ ಕೈಗೆ ಸಿಕ್ಕಿ ಸತ್ತ. ಆಗ ಅವನಿಗೆ ಎಂಬತ್ತರ ಹತ್ತಿರ ವಯಸ್ಸು. ಅವನ ಚರ್ಮವನ್ನೂ ಸುಲಿದು, ಹುಲ್ಲು ತುಂಬಿ, ಮದುರೈ ಗೋಡೆಗೆ ನೇತು ಹಾಕಿದ್ದನ್ನು ನೋಡಿದೆ ಎಂದು ಇಬ್ನ್ ಬತೂತ ಬರೆಯುತ್ತಾನೆ. ಕಾಯ್ದವನೂ ಹೋದ, ಒಪ್ಪಿಸಿದವನೂ ಹೋದ. ಏನಾಯಿತು ಅನ್ನುವುದನ್ನು ನೋಡಿ ಸರಿ ತಪ್ಪು ಹೇಳಲು ಇಲ್ಲಿ ದಾರಿಯೇ ಇಲ್ಲ.

ಸಿರುಗುಪ್ಪ ಭತ್ತ

ವಕೀಲ್ ಸಾಹೇಬ್ರೇ, ಹದಿನೈದು ವರ್ಷ ಅಂದರೆ ಹದಿನೈದು ಸುಗ್ಗಿ. ಹೊಯ್ಸಳರ ನಾಡಿನಲ್ಲಿ ಅಷ್ಟು ವರ್ಷ ಮಕ್ಕಳು ಹುಟ್ಟಿದರು, ಮದುವೆಗಳಾದವು. ಅದು ಲೆಕ್ಕಕ್ಕೆ ಇಲ್ವಾ?

ಭಾಗ್ಯನಗರ ಮಗ್ಗ

ಒಂದು ಮಾತು ಹೇಳಲಾ? ಇಲ್ಲಿ ಎಲ್ಲರೂ ರಾಯ, ಸುಲ್ತಾನ, ಬಲ್ಲಾಳ ಅಂತಲೇ ಬರೆಯುತ್ತಿದ್ದೀರಿ. ಕಿಚ್ಚಿಗೆ ಬಿದ್ದ ಹೆಂಗಸರ ಮಾತು ಮೇಷ್ಟ್ರು ಒಂದು ಸಾಲಿನಲ್ಲಿ ಮುಗಿಸಿದರು.

ನಾನು ಚಿಕ್ಕವಳಿದ್ದಾಗ ನಮ್ಮ ಅಜ್ಜಿ ಈ ಕತೆ ಹೇಳುತ್ತಿದ್ದಳು. ಮಗ್ಗದ ಕುಳಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಲಾಳಿ ಎಸೆಯುತ್ತಾ ಹೇಳುತ್ತಿದ್ದಳು. ಕಿಚ್ಚಿನ ಜಾಗ ಬಂದಾಗ ಕೈ ನಿಲ್ಲುತ್ತಿತ್ತು. ಆ ಭಾಗ ಹೇಳುತ್ತಲೇ ಇರಲಿಲ್ಲ. "ಆಮ್ಯಾಲೆ ಎಲ್ಲಾ ಹೋದ್ರು" ಎಂದು ಮತ್ತೆ ಲಾಳಿ ಎಸೆಯುತ್ತಿದ್ದಳು. ನಾವು ಮಕ್ಕಳು ಎಲ್ಲಿಗೆ ಹೋದ್ರು ಅಂತ ಕೇಳುತ್ತಿದ್ದೆವು.

ಯುದ್ಧ ಮಾಡುವುದೋ ಬಿಡುವುದೋ ಅನ್ನುವ ಮಾತು ನಡೆದ ಕೋಣೆಯಲ್ಲಿ ಆ ಹೆಂಗಸರು ಇರಲಿಲ್ಲ. ಅದರ ಬೆಲೆ ಕೊಡುವಾಗ ಮೊದಲು ನಿಂತವರು ಅವರೇ. ನಿಮ್ಮ ವಿದ್ಯಾರ್ಥಿನಿ ಕೇಳಿದ್ದು ಇದನ್ನೇ ಮೇಷ್ಟ್ರೇ.

ಗಂಗಾವತಿ ಮೇಷ್ಟ್ರು

ಅಕ್ಕಾ, ಒಪ್ಪಿದೆ. ನಾನು ಒಂದೇ ಸಾಲಿನಲ್ಲಿ ದಾಟಿಸಿದ್ದು ತಪ್ಪು.

ಮಸ್ಕಿ ಹುಡುಗ

ನಾಯಕ ಅಂದರೆ ಅಶೋಕನ ಥರ ಇರಬೇಕು ನೋಡಿ. ನಮ್ಮೂರ ಗುಡ್ಡದಲ್ಲಿ 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಒಬ್ಬರಿಗೆ ಶಾಸನ ಸಿಕ್ಕಿತು. ಅದುವರೆಗೆ ಸಿಕ್ಕ ಶಾಸನಗಳಲ್ಲಿ ರಾಜನ ಹೆಸರಿನ ಜಾಗದಲ್ಲಿ ದೇವಾನಾಂಪ್ರಿಯ ಅನ್ನುವಂಥ ಬಿರುದಷ್ಟೇ ಇತ್ತು. ಆ ದೇವಾನಾಂಪ್ರಿಯ ಅಶೋಕನೇ ಅಂತ ಗಟ್ಟಿಯಾದದ್ದು ಮಸ್ಕಿ ಕಲ್ಲಿನಿಂದ. ಕಳಿಂಗದಲ್ಲಿ ಜನ ಸತ್ತದ್ದು ನೋಡಿ ಮನಸ್ಸು ಬದಲಿಸಿದ. ತಪ್ಪು ಮಾಡಿದೆ ಅಂತ ಕಲ್ಲಿನ ಮೇಲೆ ಬರೆಸಿದ. ಯಾವ ರಾಜ ಹೀಗೆ ಮಾಡಿದ್ದಾನೆ ಹೇಳಿ.

ಗವಿಮಠದ ಮೆಟ್ಟಿಲು

ತಮ್ಮಾ, ಸಣ್ಣ ತಿದ್ದುಪಡಿ. ಕಳಿಂಗದ ಮಾತು ನಮ್ಮ ಕಡೆಯ ಕಲ್ಲುಗಳಲ್ಲಿ ಇಲ್ಲ. ಮಸ್ಕಿ, ಕೊಪ್ಪಳದ ಗವಿಮಠ, ಪಾಲ್ಕಿಗುಂಡು, ಬಳ್ಳಾರಿ ಕಡೆಯ ನಿಟ್ಟೂರು, ಉದೆಗೊಳ ಇವೆಲ್ಲ ಚಿಕ್ಕ ಶಾಸನಗಳು. ಧರ್ಮದಲ್ಲಿ ಪ್ರಯತ್ನ ಮಾಡಿದರೆ ದೊಡ್ಡವರಷ್ಟೇ ಅಲ್ಲ, ಚಿಕ್ಕವರೂ ಮುಟ್ಟಬಹುದು ಅನ್ನುವುದು ಇವುಗಳ ಸಾರ. ಕಳಿಂಗದ ಪಶ್ಚಾತ್ತಾಪ ಬರುವುದು 13ನೇ ಬಂಡೆಗಲ್ಲು ಶಾಸನದಲ್ಲಿ. ಒಂದೂವರೆ ಲಕ್ಷ ಜನರನ್ನು ಸೆರೆ ಒಯ್ದರು, ಒಂದು ಲಕ್ಷ ಜನ ಸತ್ತರು, ಅದರ ಎಷ್ಟೋ ಪಟ್ಟು ಜನ ಆಮೇಲೆ ಸತ್ತರು ಎಂದು ಅವನೇ ಹೇಳುತ್ತಾನೆ.

ನನ್ನನ್ನು ಕಾಡುವುದು ಏನು ಗೊತ್ತಾ? ಆ 13ನೇ ಶಾಸನ ಕಳಿಂಗದಲ್ಲೇ ಇಲ್ಲ. ಒಡಿಶಾದ ಧೌಲಿ, ಜೌಗಡ ಎರಡೂ ಕಡೆ ಅದನ್ನು ಬಿಟ್ಟು ಬೇರೆ ಶಾಸನ ಹಾಕಿಸಿದ್ದಾನೆ. ದೂರದ ಗಂಧಾರದವರಿಗೆ ಪಶ್ಚಾತ್ತಾಪ ಓದಿ ಹೇಳಿದ. ಮಕ್ಕಳನ್ನು ಕಳೆದುಕೊಂಡ ಕಳಿಂಗದವರಿಗೆ ಹೇಳಲಿಲ್ಲ. ಸೆರೆ ಒಯ್ದ ಒಂದೂವರೆ ಲಕ್ಷ ಜನರನ್ನು ವಾಪಸ್ ಕಳಿಸಿದೆ ಅಂತಲೂ ಅದರಲ್ಲಿ ಇಲ್ಲ. ಅದೇ ಶಾಸನದಲ್ಲಿ ಕಾಡಿನ ಜನರಿಗೆ, ನನಗೆ ಪಶ್ಚಾತ್ತಾಪ ಆಗಿದ್ದರೂ ಶಕ್ತಿ ಇದೆ ನೆನಪಿರಲಿ ಎಂದು ಎಚ್ಚರಿಕೆಯೂ ಇದೆ.

ನಾನು ಅಶೋಕನನ್ನು ಸಣ್ಣವನು ಅನ್ನುತ್ತಿಲ್ಲ. ಸತ್ತವರ ಲೆಕ್ಕವನ್ನು ತಾನೇ ಹೇಳಿದ್ದು ದೊಡ್ಡ ವಿಷಯ. ಆದರೆ ಕ್ಷಮೆ ಕೇಳಬೇಕಾದವರ ಮುಂದೆ ನಿಂತು ಕೇಳುವುದು ಚಕ್ರವರ್ತಿಗೂ ಕಷ್ಟವಾಯಿತು.

ಮಸ್ಕಿ ಹುಡುಗ

ಇದು ನನಗೆ ಗೊತ್ತೇ ಇರಲಿಲ್ಲ ಅಕ್ಕಾ. ಹುಟ್ಟಿದಾಗಿಂದ ಆ ಗುಡ್ಡ ನೋಡುತ್ತಿದ್ದೇನೆ.

ಬಳ್ಳಾರಿ ಬಿಸಿಲು

ಹಳೇ ರಾಜರನ್ನು ಬಿಡಿ. ಈಗಿನ ಕಾಲಕ್ಕೆ ಬನ್ನಿ. ಕಾರ್ಗಿಲ್ ಹೊತ್ತಲ್ಲಿ ನಮ್ಮವರು ಗಡಿ ನಿಯಂತ್ರಣ ರೇಖೆ ದಾಟಬಾರದು ಅಂತ ಸರ್ಕಾರ ಆದೇಶ ಕೊಟ್ಟಿತು. ಶತ್ರು ಬೆಟ್ಟದ ಮೇಲೆ, ನಮ್ಮ ಹುಡುಗರು ಕೆಳಗಿನಿಂದ ಹತ್ತಬೇಕು. ಹಿಂದಿನಿಂದ ಸುತ್ತಿ ಹೊಡೆದಿದ್ದರೆ ಎಷ್ಟು ಜೀವ ಉಳಿಯುತ್ತಿತ್ತು? 527 ಜನ ಹೋದರು. ಇದು ಯಾವ ನೀತಿ?

ಕೌಲ್ ಬಜಾರ್ ಹವಾಲ್ದಾರ್

ತಮ್ಮಾ, ನಾನು ಆಗ ಸರ್ವಿಸಿನಲ್ಲಿದ್ದೆ. ಬೆಟ್ಟ ಹತ್ತಿದವನಲ್ಲ, ಗಾಡಿ ಓಡಿಸಿದವನು. ದ್ರಾಸ್ ದಾರಿಯಲ್ಲಿ ಸಾಮಾನು ಸಾಗಿಸುತ್ತಿದ್ದೆವು. ಆ ರೋಡು ಮೇಲಿನವರಿಗೆ ಅಂಗೈ ಹಾಗೆ ಕಾಣುತ್ತಿತ್ತು. ಅದಕ್ಕೆ ರಾತ್ರಿ ಹೆಡ್‌ಲೈಟ್ ಆರಿಸಿ ಹೋಗಬೇಕು. ಮುಂದಿನ ಲಾರಿಯ ಅಡಿಯಲ್ಲಿ ಹಿಂದಿನ ಆಕ್ಸೆಲ್ ಗುಂಡಿಗೆ ಬಿಳಿ ಬಣ್ಣ ಬಳಿದಿರುತ್ತಾರೆ. ಅದರ ಮೇಲೆ ಒಂದು ಸಣ್ಣ ಬಲ್ಬಿನ ಬೆಳಕು ಬೀಳುತ್ತದೆ. ಆ ಬಿಳಿ ಚುಕ್ಕೆ ನೋಡಿಕೊಂಡು ಓಡಿಸುವುದು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಪ್ರಪಾತ. ಹೋಗುವಾಗ ಮದ್ದುಗುಂಡು, ಕಡಲೆ, ಬೆಲ್ಲ. ಬರುವಾಗ ಏನು ತರುತ್ತಿದ್ದೆವು ಅಂತ ಇಲ್ಲಿ ಬರೆಯಲ್ಲ.

ನಾವೂ ಆಗ ಬೈಯುತ್ತಿದ್ದೆವು. ಯಾಕೆ ದಾಟಬಾರದು ಅಂತ. ಈಗ ಇಪ್ಪತ್ತೈದು ವರ್ಷದ ಮೇಲಾಯಿತು, ಈಗಲೂ ಪೂರ್ತಿ ಸಮಾಧಾನ ಆಗಿಲ್ಲ. ಆದರೆ ಇದನ್ನೂ ಯೋಚಿಸು. ಹಿಂದಿನ ವರ್ಷ, 1998ರ ಮೇ ತಿಂಗಳಲ್ಲಿ, ಎರಡೂ ದೇಶದವರು ಅಣುಬಾಂಬ್ ಪರೀಕ್ಷೆ ಮಾಡಿದ್ದರು. ದಾಟಿದ್ದರೆ ಎಲ್ಲಿಗೆ ಹೋಗಿ ನಿಲ್ಲುತ್ತಿತ್ತೋ. ದಾಟದೆ ಇದ್ದದ್ದಕ್ಕೆ ಜಗತ್ತು ನಮ್ಮ ಕಡೆ ಮಾತಾಡಿತು. ಜುಲೈ 4ಕ್ಕೆ ನವಾಜ್ ಷರೀಫ್ ವಾಷಿಂಗ್ಟನ್ನಿಗೆ ಹೋಗಿ ಕ್ಲಿಂಟನ್ ಮುಂದೆ ಸೈನ್ಯ ವಾಪಸ್ ತೆಗೆಯುತ್ತೇವೆ ಅಂತ ಒಪ್ಪಬೇಕಾಯಿತು.

ವಾಜಪೇಯಿ ಅವರ ಜಾಗದಲ್ಲಿ ನಾನಿದ್ದರೂ ಅದೇ ಆದೇಶ ಕೊಡುತ್ತಿದ್ದೆನೋ ಏನೋ. ಆದರೆ ಆ ಆದೇಶದಿಂದ ಸತ್ತವನ ತಾಯಿ ಮುಂದೆ ಕೂತು, "ನಿನ್ನ ಮಗನನ್ನು ಕಷ್ಟದ ದಾರಿಯಲ್ಲಿ ಕಳಿಸಿದ್ದು ನಾನೇ, ಇಂಥ ಕಾರಣಕ್ಕೆ" ಅಂತ ಹೇಳುವ ಧೈರ್ಯ ಇರಬೇಕು. ಬರೀ ಹಾರ ಹಾಕಿ ಹೋದರೆ ಆಗಲ್ಲ.

ಬಳ್ಳಾರಿ ಬಿಸಿಲು

ಸರ್, ನಿಮ್ಮಂಥವರು ಹೇಳಿದರೆ ಕೇಳುತ್ತೇನೆ. ಟಿವಿ ಸ್ಟುಡಿಯೋದಲ್ಲಿ ಕೂತು ನುಗ್ಗಿ ನುಗ್ಗಿ ಅನ್ನುವವರ ಮಾತು ಕೇಳಿ ಕೇಳಿ ನನಗೂ ಹಾಗೇ ಅನಿಸಿಬಿಟ್ಟಿತ್ತು.

ಸಿಂಧನೂರು ಕಾಲುವೆ

ಬೇಗ ನುಗ್ಗಬೇಕಾ, ಕಾಯಬೇಕಾ ಅನ್ನುವುದಕ್ಕೆ 1971ರ ಬಾಂಗ್ಲಾ ಯುದ್ಧ ದೊಡ್ಡ ಉದಾಹರಣೆ. ಮಾರ್ಚ್ 25ರ ರಾತ್ರಿ ಢಾಕಾದಲ್ಲಿ ಪಾಕಿಸ್ತಾನದ ಸೈನ್ಯ ಹತ್ಯೆ ಶುರು ಮಾಡಿತು. ಏಪ್ರಿಲಿನಲ್ಲೇ ಯುದ್ಧಕ್ಕೆ ಹೋಗಿ ಅಂತ ಇಂದಿರಾ ಗಾಂಧಿ ಮೇಲೆ ಒತ್ತಡ ಇತ್ತು. ಸೇನಾ ಮುಖ್ಯಸ್ಥ ಮಾಣೆಕ್ ಷಾ ಈಗ ಬೇಡ ಅಂದರು. ಮಳೆಗಾಲ ಬಂದರೆ ಅಲ್ಲಿ ಹೊಳೆಗಳೆಲ್ಲ ಸಮುದ್ರವಾಗುತ್ತವೆ, ಚಳಿಗಾಲದಲ್ಲಿ ಹಿಮಾಲಯದ ದಾರಿ ಮುಚ್ಚಿದರೆ ಚೀನಾ ಭಯ ಕಮ್ಮಿ ಅನ್ನುವುದು ಅವರ ಲೆಕ್ಕ. ಡಿಸೆಂಬರ್ 3ಕ್ಕೆ ಯುದ್ಧ, 16ಕ್ಕೆ ಮುಗಿಯಿತು. 93,000 ಜನ ಸೆರೆ ಸಿಕ್ಕರು. ಲೆಕ್ಕ ಸರಿಯಾಗಿಯೇ ಇತ್ತು.

ಆದರೆ ಆ ಎಂಟು ತಿಂಗಳು? ಸುಮಾರು ಒಂದು ಕೋಟಿ ಜನ ನಮ್ಮ ದೇಶಕ್ಕೆ ಓಡಿ ಬಂದರು. ಒಂದು ದೇಶವೇ ಮರೆಹೊಕ್ಕ ಹಾಗೆ. ಅಷ್ಟು ದಿನವೂ ಅಲ್ಲಿ ಜನ ಸಾಯುತ್ತಿದ್ದರು. ಕಾಯ್ದದ್ದಕ್ಕೆ ನಮ್ಮ ಸೈನಿಕರು ಕಮ್ಮಿ ಸತ್ತರು, ಅಲ್ಲಿಯ ಹಳ್ಳಿಯವರು ಜಾಸ್ತಿ ಸತ್ತರು. ಇದನ್ನು ಯಾವ ತಕ್ಕಡಿಯಲ್ಲಿ ತೂಗುತ್ತೀರಿ?

ನಮ್ಮ ಸಿಂಧನೂರು ತಾಲೂಕಿನ ಆರ್‌ಎಚ್ ಅಂದರೆ ಪುನರ್ವಸತಿ ಕ್ಯಾಂಪುಗಳಿಗೆ ಹೋಗಿದ್ದೀರಾ? ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ಇಲ್ಲಿ ಜಮೀನು ಕೊಟ್ಟು ಕೂರಿಸಿತು. ಬಯಲುಸೀಮೆ ಬಿಸಿಲಲ್ಲಿ ಮನೆ ಮುಂದೆ ಕೆರೆಯಷ್ಟು ಅಗಲದ ಮೀನಿನ ಗುಂಡಿ ತೋಡಿಕೊಂಡಿದ್ದಾರೆ. ನನ್ನ ಜೊತೆ ಓದಿದವನ ಮನೆಗೆ ಹೋದರೆ ಅವರಜ್ಜಿ ಸೀರೆಗೆ ಸೂಜಿ ಕೆಲಸ ಮಾಡುತ್ತಾ ಕೂತಿರುತ್ತಿದ್ದರು. ಕನ್ನಡ ಚೆನ್ನಾಗಿ ಬರುತ್ತಿತ್ತು. ಊರು ಯಾವುದು ಅಂತ ಕೇಳಿದರೆ ಮಾತ್ರ ಬಂಗಾಳಿಗೆ ಹೊರಳುತ್ತಿದ್ದರು.

ಕಂಪ್ಲಿ ಹೊಳೆದಂಡೆ

ನೋಡಿ, ಒಂದು ಕೋಟಿ ಜನರನ್ನು ಬಾಗಿಲಲ್ಲಿ ತಡೆಯಲಿಲ್ಲ. ಕಂಪಿಲರಾಯನ ಬುದ್ಧಿ ಅದೇ ಅಲ್ವಾ?

ಸಿರುಗುಪ್ಪ ಭತ್ತ

ಅಲ್ಲ ಅಣ್ಣಾ. ಅವರು ಕಾಯ್ದರು, ತಯಾರಾದರು, ಆಮೇಲೆ ಹೋದರು. ರಾಯ ತಯಾರೇ ಇರಲಿಲ್ಲ. ಆಸರೆ ಕೊಡುವುದು ಸರಿ, ಕೊಡುವ ಶಕ್ತಿ ಎಷ್ಟಿದೆ ಅಂತ ನೋಡುವುದೂ ನಾಯಕನ ಕೆಲಸವೇ.

ಕೋಟೆ ಗುಡ್ಡ

ವಿಷಯ ಸ್ವಲ್ಪ ಬೇರೆ. ಬಳ್ಳಾರಿ ಕೋಟೆ ಕಟ್ಟಿದ ಫ್ರೆಂಚ್ ಇಂಜಿನಿಯರನನ್ನು ಹೈದರಾಲಿ ಗಲ್ಲಿಗೆ ಹಾಕಿದ, ಎದುರಿನ ಕುಂಬಾರಗುಡ್ಡ ಎತ್ತರ ಇದೆ ಅಂತ ನೋಡಿರಲಿಲ್ಲ ಅನ್ನುವ ಕಾರಣಕ್ಕೆ ಅಂತಾರಲ್ಲ, ನಿಜವಾ?

ರಾಯಚೂರು ವಕೀಲ

ಅದು ಜನ ಹೇಳುವ ಕತೆ, ದಾಖಲೆ ಅಂತ ಹಿಡಿಯಬೇಡಿ. ಅದಕ್ಕೆ ಬೇರೆ ಚರ್ಚೆ ತೆಗೆಯಿರಿ, ಬಂದು ಬರೆಯುತ್ತೇನೆ.

ನಮ್ಮ ರಾಯಚೂರಿನದೇ ಒಂದು ಮಾತು ಸೇರಿಸುತ್ತೇನೆ. ಕೃಷ್ಣಾ ತುಂಗಭದ್ರಾ ನಡುವಿನ ಈ ಎಡೆದೊರೆ ನಾಡಿಗಾಗಿ ಇನ್ನೂರು ವರ್ಷ ಬಡಿದಾಡಿದರು. 1520ರಲ್ಲಿ ಕೃಷ್ಣದೇವರಾಯ ಬಿಜಾಪುರದ ಸುಲ್ತಾನ ಇಸ್ಮಾಯಿಲ್ ಆದಿಲ್ ಷಾನನ್ನು ಸೋಲಿಸಿ ರಾಯಚೂರು ಕೋಟೆ ಹಿಡಿದ. ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ಊರವರ ಜೊತೆ ರಾಯ ಒಳ್ಳೆಯದಾಗಿ ನಡೆದುಕೊಂಡ. ಆದರೆ ಸಂಧಿ ಮಾತಿಗೆ ಬಂದ ರಾಯಭಾರಿಗೆ, ನಿನ್ನ ಸುಲ್ತಾನ ಬಂದು ನನ್ನ ಕಾಲಿಗೆ ಮುತ್ತಿಟ್ಟರೆ ಎಲ್ಲಾ ವಾಪಸ್ ಕೊಡುತ್ತೇನೆ ಅಂದನಂತೆ. ಯುದ್ಧ ಗೆಲ್ಲುವುದು ಒಂದು, ಗೆದ್ದಮೇಲೆ ಸೋತವನ ಮುಖ ಉಳಿಸುವುದು ಇನ್ನೊಂದು. 1565ಕ್ಕೆ ಸುಲ್ತಾನರೆಲ್ಲ ಒಂದಾಗಿ ಬಂದಾಗ ಹಂಪಿಗೆ ಏನಾಯಿತು ಎಲ್ಲರಿಗೂ ಗೊತ್ತು. ಕಾರಣ ಅದೊಂದೇ ಅಲ್ಲ. ಆದರೂ ಅವಮಾನ ಮರೆಯುವಂಥದ್ದಲ್ಲ.

ಕಾರಟಗಿ ಮೊಮ್ಮಗಳು

ನಮ್ಮ ಮನೆಯದು ಹೇಳುತ್ತೇನೆ. 1948. ಆಗ ರಾಯಚೂರು, ಕೊಪ್ಪಳ, ಗಂಗಾವತಿ ಎಲ್ಲ ನಿಜಾಮನದು. ಹೊಳೆ ಆಚೆ ದಂಡೆ ಬಳ್ಳಾರಿ ಜಿಲ್ಲೆ, ಮದ್ರಾಸಿಗೆ ಸೇರಿದ್ದು. ಅಂದರೆ ಆಗಲೇ ಸ್ವತಂತ್ರ ಭಾರತ. ನಿಜಾಮನ ಪರವಾಗಿದ್ದ ಖಾಸಗಿ ಪಡೆ ರಜಾಕಾರರ ಹಾವಳಿ ಜಾಸ್ತಿಯಾದಾಗ ನಮ್ಮ ಅಜ್ಜಿಯ ಮನೆಯವರು ರಾತ್ರಿ ಹರಗೋಲಿನಲ್ಲಿ ಹೊಳೆ ದಾಟಿದರು. ಎಂಟು ಜನ, ಒಂದು ಹರಗೋಲು. ಅಜ್ಜಿಗೆ ಆಗ ಒಂಬತ್ತು ವರ್ಷ. ಕೂಸು ಅತ್ತರೆ ಗೊತ್ತಾಗುತ್ತದೆ ಅಂತ ತಮ್ಮನ ಬಾಯಿಗೆ ಬೆಲ್ಲದ ಚೂರು ಇಡುತ್ತಾ ಕೂತಿದ್ದಳಂತೆ. ಮಡಿಲಿನ ಬೆಲ್ಲ ಮುಗಿಯುವುದಕ್ಕೂ ಆಚೆ ದಂಡೆ ಬರುವುದಕ್ಕೂ ಸರಿಹೋಯಿತು ಅನ್ನುತ್ತಿದ್ದಳು.

ಅಜ್ಜಿ ಕೊನೆವರೆಗೂ ಸೈನ್ಯ ಕಳಿಸಿದ ಪಟೇಲರ ಫೋಟೋಗೆ ಕೈ ಮುಗಿಯುತ್ತಿದ್ದಳು. "ಇನ್ನೊಂದು ನಾಕು ತಿಂಗಳು ಮೊದಲ ಕಳಿಸಿದ್ರ ನಮ್ಮಪ್ಪ ಉಳೀತಿದ್ದ" ಅಂತಲೂ ಅನ್ನುತ್ತಿದ್ದಳು. ದಿಲ್ಲಿಯಲ್ಲಿ ಮಾತುಕತೆ, ಒಪ್ಪಂದ ಅಂತ ದಿನ ಹೋದದ್ದು ನಮ್ಮ ಮನೆಯಲ್ಲಿ ಹೀಗೆ ನೆನಪಿದೆ.

ರಾಯಚೂರು ಅತ್ತರ್

ಮೊಮ್ಮಗಳು ಅಕ್ಕಾ, ನಿಮ್ಮ ಅಜ್ಜಿಯ ದುಃಖ ದೊಡ್ಡದು. ನಾನು ನಮ್ಮ ತಾತನದು ಹೇಳುತ್ತೇನೆ, ತಪ್ಪು ತಿಳಿಯಬೇಡಿ.

ಸೆಪ್ಟೆಂಬರ್ 13ಕ್ಕೆ ಸೈನ್ಯ ಬಂತು, 17ಕ್ಕೆ ನಿಜಾಮ ಶರಣಾದ. ಐದು ದಿನ. ನಮ್ಮ ಮನೆಯಲ್ಲಿ ನೆನಪಿರುವುದು ಆರನೇ ದಿನದಿಂದ, ಮುಸ್ಲಿಮರ ಮೇಲೆ ಸೇಡಿನ ದಾಳಿ ಶುರುವಾದಾಗಿನಿಂದ. ತಾತ ರಜಾಕಾರ ಆಗಿರಲಿಲ್ಲ, ಟೇಲರ್. ಎರಡು ರಾತ್ರಿ ಸಜ್ಜೆ ಹೊಲದಲ್ಲಿ ಅಡಗಿದ್ದರು. ಮೂರನೇ ರಾತ್ರಿ ಊರಿನ ಒಬ್ಬ ಗೌಡರ ಮನೆಗೆ ಹೋಗಿ ಬಾಗಿಲು ಬಡಿದರು. ಗೌಡರು ಅಟ್ಟ ಹತ್ತಿಸಿ ಏಣಿ ತೆಗೆದರು. ಹನ್ನೆರಡು ದಿನ ಅಲ್ಲೇ. ಕೆಳಗೆ ಜನ ಬಂದು ಕೇಳಿದಾಗ ಗೌಡರ ತಾಯಿ ಹೊಸ್ತಿಲ ಮೇಲೆ ಕಾಲು ಚಾಚಿ ಕೂತು, ಒಳಗೆ ಹೋಗಬೇಕಾದರೆ ನನ್ನನ್ನು ದಾಟಿ ಹೋಗಿ ಅಂದಳಂತೆ. ಯಾರೂ ದಾಟಲಿಲ್ಲ.

ಆ ಹೊತ್ತಿನಲ್ಲಿ ಎಷ್ಟು ಜನ ಸತ್ತರು ಅಂತ ತಿಳಿಯಲು ನೆಹರೂ ಪಂಡಿತ ಸುಂದರಲಾಲ್ ಸಮಿತಿ ಕಳಿಸಿದರು. 27,000ದಿಂದ 40,000 ಅಂತ ಸಮಿತಿ ಅಂದಾಜು ಮಾಡಿತು. ವರದಿ ದಶಕಗಟ್ಟಲೆ ಕಪಾಟಿನಲ್ಲಿ ಇತ್ತು. ಸೈನ್ಯ ಬರಬೇಕಿತ್ತು, ನಾನೂ ಒಪ್ಪುತ್ತೇನೆ. ಈ ದೇಶ ನನ್ನದೂ ಹೌದು. ಆದರೆ ಲೆಕ್ಕ ಮುಚ್ಚಿಡಬಾರದಿತ್ತು.

ಕಾರಟಗಿ ಮೊಮ್ಮಗಳು

ತಪ್ಪು ತಿಳಿಯಲಿಲ್ಲ ಅಣ್ಣಾ. ಎರಡೂ ನಮ್ಮ ಜಿಲ್ಲೆಯದೇ ಕತೆ. ಆ ಗೌಡರ ತಾಯಿಯ ಮಾತು ನಮ್ಮ ಅಜ್ಜಿಗೆ ಗೊತ್ತಿದ್ದರೆ ಖುಷಿ ಪಡುತ್ತಿದ್ದಳು.

ಭಾಗ್ಯನಗರ ಮಗ್ಗ

ಮೇಷ್ಟ್ರೇ, ಇದೇ ನಿಮ್ಮ ಉತ್ತರ. ಆ ತಾಯಿ ತನ್ನ ಮನೆ ಹೊಸ್ತಿಲಲ್ಲಿ ತಾನೇ ಕೂತಳು. ಬೇರೆಯವರನ್ನು ಕೂರಿಸಲಿಲ್ಲ.

ಕಂಪ್ಲಿ ಹೊಳೆದಂಡೆ

ಅಕ್ಕಾ, ರಾಯನೂ ಕೊನೆಗೆ ತಾನೇ ಹೊರಗೆ ಹೋಗಿ ಸತ್ತ. ಅಷ್ಟು ಮಾತ್ರ ಮರೆಯಬೇಡಿ. ದಿಲ್ಲಿಗೆ ಓಡಿ ಕಾಲು ಹಿಡಿಯಲಿಲ್ಲ. ಸಿರುಗುಪ್ಪದ ತಮ್ಮ ಹೇಳಿದ್ದರಲ್ಲಿ ಅರ್ಧ ಒಪ್ಪುತ್ತೇನೆ. ಊರವರನ್ನು ಕೋಟೆಯಿಂದ ಮೊದಲೇ ಹೊರಗೆ ಕಳಿಸಬಹುದಿತ್ತು.

ಸಿರುಗುಪ್ಪ ಭತ್ತ

ಅರ್ಧ ಸಾಕು ಅಣ್ಣಾ.

ಗವಿಮಠದ ಮೆಟ್ಟಿಲು

1962ರಲ್ಲಿ ರಷ್ಯಾದವರು ಕ್ಯೂಬಾದಲ್ಲಿ ಕ್ಷಿಪಣಿ ಇಟ್ಟ ವಿಷಯ ಯಾರೂ ತೆಗೆಯಲಿಲ್ಲ. ಸೇನಾಧಿಕಾರಿಗಳು ಬಾಂಬ್ ಹಾಕೋಣ ಅಂದರು, ಅಮೆರಿಕದ ಅಧ್ಯಕ್ಷ ಕೆನಡಿ ಹಡಗುಗಳಿಂದ ಅಡ್ಡಗಟ್ಟಿ ಕಾಯ್ದ. 13 ದಿನ. ಟರ್ಕಿಯಲ್ಲಿದ್ದ ತಮ್ಮ ಕ್ಷಿಪಣಿ ತೆಗೆಯುತ್ತೇವೆ ಅಂತ ರಷ್ಯಾದವರಿಗೆ ಗುಟ್ಟಾಗಿ ಮಾತು ಕೊಟ್ಟ. ಜಗತ್ತು ಉಳಿಯಿತು. ಆದರೆ ಆ ಮಾತನ್ನು ತನ್ನ ಜನರಿಗೇ ಹೇಳಲಿಲ್ಲ. ಬಗ್ಗಿದೆ ಅಂತ ಹೇಳಿಕೊಳ್ಳಲು ನಾಯಕರಿಗೆ ಯಾಕೆ ಇಷ್ಟು ಕಷ್ಟ ಅನ್ನುವುದು ನನ್ನ ಪ್ರಶ್ನೆ.

ಗಂಗಾವತಿ ಮೇಷ್ಟ್ರು

ಎಲ್ಲರ ಮಾತನ್ನೂ ಓದಿದೆ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಸೋಮವಾರ ಆ ಹುಡುಗಿಗೆ ಹೀಗೆ ಹೇಳೋಣ ಅಂತಿದ್ದೇನೆ: ಇಲ್ಲ, ಊರವರನ್ನು ಯಾರೂ ಕೇಳಲಿಲ್ಲ. ರಾಯ ಬಂದವನನ್ನು ಒಳಗೆ ಬಿಟ್ಟದ್ದು ಸರಿ, ಊರವರನ್ನು ಕೇಳದೆ ಬಾಗಿಲು ಹಾಕಿದ್ದು ತಪ್ಪು. ಎರಡೂ ಒಟ್ಟಿಗೆ ನಿಜ. ಆಮೇಲೆ ಮಕ್ಕಳನ್ನೇ ಮಾತಾಡಲು ಬಿಡುತ್ತೇನೆ.

ಹವಾಲ್ದಾರ್ ಸರ್, ಒಂದು ಕೋರಿಕೆ. ನಮ್ಮ ಶಾಲೆಗೆ ಒಂದು ದಿನ ಬರಬಹುದಾ? ಭಾಷಣ ಬೇಡ. ಆ ಬಿಳಿ ಚುಕ್ಕೆಯ ವಿಷಯ ಮಕ್ಕಳಿಗೆ ಹೇಳಿ ಸಾಕು.

ಕೌಲ್ ಬಜಾರ್ ಹವಾಲ್ದಾರ್

ಬರುತ್ತೇನೆ ಮೇಷ್ಟ್ರೇ. ಶನಿವಾರ ಬೆಳಗಿನ ಕ್ಲಾಸಾದರೆ ಶುಕ್ರವಾರವೇ ಬಂದು ಗಂಗಾವತಿಯಲ್ಲಿ ತಂಗಿ ಇದ್ದಾಳೆ, ಅಲ್ಲಿ ಉಳಿಯುತ್ತೇನೆ. ಹಾರ ಶಾಲು ತರಿಸಬೇಡಿ. ಆ ಹುಡುಗಿಯನ್ನು ಮುಂದಿನ ಬೆಂಚಿಗೆ ಕೂರಿಸಿ, ನನಗೆ ಒಂದು ಕಿವಿ ಸರಿಯಾಗಿ ಕೇಳಲ್ಲ.

ಮಸ್ಕಿ ಹುಡುಗ

ಮೇಷ್ಟ್ರೇ, ಬೇರೆ ಶಾಲೆಯವರೂ ಬರಬಹುದಾ? ನಾನು ಬೈಕಿನಲ್ಲಿ ಬರುತ್ತೇನೆ.